ಹತ್ತು ಹದಿನೈದರ ರೀಡಿಂಗ್

ಮಾರ್ಚ್ 3

7-00. ಮೂರನೇ ಟ್ಯಾಂಕಿನಲ್ಲಿ ಮಡ್ 62 ಇಂಚು. ತೂಕ 1.32.
7-15. 62.
7-30. 62. ತೂಕ 1.32. ಬಾವಿಯೊಳಗೆ ಹೋಗುವುದೂ ಅಷ್ಟೇ, ಹೊರಗೆ ಬರುವುದೂ ಅಷ್ಟೇ.

ಈ ಪುಸ್ತಕ ಮಡ್ ಮೇಷ್ಟ್ರು ಕೊಟ್ಟದ್ದು. ನಿಜಕ್ಕೂ ಇಂಜಿನಿಯರ್ ಅವರು. ಸಿಕ್ಕಿದವರಿಗೆಲ್ಲ ಪಾಠ ಹೇಳುತ್ತಾರೆ, ಅದಕ್ಕೆ ಗ್ಯಾಸ್ ಬಾವಿ ಕೊರೆಯುವ ಈ ರಿಗ್ಗಿನಲ್ಲಿ ಎಲ್ಲರೂ ಮೇಷ್ಟ್ರು ಅನ್ನುತ್ತಾರೆ. ನಾನು ರೀಡಿಂಗ್ ಶೀಟಿನ ಮೇಲೆ ಬರೆದು, ಅಳಿಸಿ, ಮತ್ತೆ ಬರೆದು, ಒಂದು ಕಡೆ ತೂತೇ ಮಾಡಿಬಿಟ್ಟಿದ್ದೆ. ಅದನ್ನು ಬೆಳಕಿಗೆ ಹಿಡಿದು ನೋಡಿದರು.

‘ಲೋ, ಇದೇನು ಶೀಟೋ ಜರಡಿಯೋ? ತಗೋ, ಮೊದಲು ಇದರಲ್ಲಿ ಗೀಚು. ಆಮೇಲೆ ಶೀಟಿಗೆ ನೀಟಾಗಿ ಇಳಿಸು. ಶೀಟನ್ನ ಸಾಹೇಬರು ನೋಡ್ತಾರೆ. ಇದನ್ನ ಯಾರೂ ನೋಡಲ್ಲ.’

ಯಾರೂ ನೋಡುವುದಿಲ್ಲ ಅಂದಿದ್ದೇ ಸಾಕಾಯಿತು. ರೀಡಿಂಗ್ ಬರೆದ ಮೇಲೂ ಪೆನ್ಸಿಲ್ ನಿಲ್ಲುತ್ತಿಲ್ಲ. ಬಾಯಿಗೆ ಬಾರದ್ದು ಇದಕ್ಕೆ ಬರುತ್ತದೆ.

ಮಾರ್ಚ್ 5

ಅಮ್ಮನಿಗೆ ಫೋನ್ ಮಾಡಿದೆ. ಹಿಂದೆ ಇಸ್ತ್ರಿ ಅಂಗಡಿಯ ಗಲಾಟೆ, ಯಾರದೋ ಅಂಗಿಗೆ ಗುಂಡಿ ಇಲ್ಲ ಅಂತ ಜಗಳ.

‘ಏನು ಕೆಲಸ ಕೊಟ್ಟಿದಾರೋ?’
‘ಕೆಸರು ಅಳೆಯೋದಮ್ಮ. ಎಷ್ಟಿದೆ, ಎಷ್ಟು ತೂಕ ಅಂತ.’
‘ಕೆಸರು ಅಳೆಯೋಕೂ ಒಬ್ಬ ಮನುಷ್ಯ ಬೇಕೇನೋ! ಇಲ್ಲಿ ಜನರ ಪ್ಯಾಂಟ್ ಮೇಲೇ ದಿನಾ ಅಳೀತೀನಿ ನಾನು.’

ಮೇಷ್ಟ್ರು ನನಗೆ ಹೇಳಿದ್ದನ್ನೇ ಅಮ್ಮನಿಗೆ ಹೇಳಿದೆ. ನೆಲದ ಕೆಳಗೆ ಗ್ಯಾಸ್ ಇದೆ. ಅದರ ತಲೆಯ ಮೇಲೆ ಈ ಕೆಸರು, ಅಂದರೆ ಮಡ್, ಕೂತಿದೆ. ಮಡ್ ಹಗುರವಾದರೆ ಗ್ಯಾಸ್ ಎದ್ದು ಬರುತ್ತದೆ. ಎಷ್ಟು ಕಳಿಸಿದೆವೋ ಅಷ್ಟೇ ವಾಪಸ್ ಬರಬೇಕು. ಕಡಿಮೆ ಬಂದರೆ ಬಾವಿ ಕುಡಿಯುತ್ತಿದೆ. ಹೆಚ್ಚು ಬಂದರೆ ಬಾವಿ ಕಕ್ಕುತ್ತಿದೆ. ಕಕ್ಕುವುದನ್ನು ಮೊದಲು ನೋಡುವವನು ಟ್ಯಾಂಕಿನವನು. ಅಂದರೆ ನಾನು.

ಅಮ್ಮ ಎಲ್ಲ ಕೇಳಿಸಿಕೊಂಡಳು. ‘ಸರಿ, ನಿದ್ದೆ ಮಾಡ್ಬೇಡ’ ಅಂದಳು.

ಮಾರ್ಚ್ 8

ಬರೆಯಲು ಕೈ ಬರುತ್ತಿಲ್ಲ. ಆದರೂ.

11-15ಕ್ಕೆ ಟ್ಯಾಂಕಿಗೆ ಅಳತೆ ಕೋಲು ಇಳಿಸಿದೆ. 65. ಕಾಲು ಗಂಟೆ ಹಿಂದೆ 62 ಇತ್ತು. ವಾಕಿಟಾಕಿ ಹಿಡಿದು ಕಿರುಚಿದೆ — ‘ಮಟ್ಟ ಏರ್ತಿದೆ! ಮಟ್ಟ ಏರ್ತಿದೆ! ಓಡಿ!’

ಓಡಿ ಅಂತ ಯಾರು ಹೇಳಿಕೊಟ್ಟರೋ. ಅಡುಗೆಯವನು ಸೌಟಿನ ಸಮೇತ ಗೇಟಿನವರೆಗೆ ಓಡಿದ್ದ. ವೆಲ್ಡರ್ ಒಂದು ಕಾಲಿಗೆ ಮಾತ್ರ ಬೂಟು ಹಾಕಿಕೊಂಡು ಓಡಿದ್ದ.

ಆಗಿದ್ದು ಇಷ್ಟೇ. ಹೊಸ ಪೈಪು ಜೋಡಿಸಲು ಪಂಪ್ ನಿಲ್ಲಿಸಿದ್ದರು. ಪಂಪ್ ನಿಂತರೆ ಕೊಳವೆಯಲ್ಲಿದ್ದ ಮಡ್ ಎಲ್ಲ ಹರಿದು ಟ್ಯಾಂಕಿಗೆ ಬರುತ್ತದೆ. ಮೂರು ಇಂಚು ಏರುತ್ತದೆ. ಪಂಪ್ ಹಾಕಿದರೆ ಇಳಿಯುತ್ತದೆ. ಎಲ್ಲರಿಗೂ ಗೊತ್ತು. ನನಗೆ ಗೊತ್ತಿರಲಿಲ್ಲ.

ಬಾವಿ ಕೊರೆಯುವ ಯಂತ್ರ ನಡೆಸುವ ಡ್ರಿಲ್ಲರಣ್ಣ ಮೇಲಿನಿಂದ ಇಳಿದು ಬಂದ. ಆರಡಿ ಆಳು, ಮೈಕ್ ಬೇಡದ ಗಂಟಲು. ಬೈಯುತ್ತಾನೆ ಅಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು. ನಕ್ಕ.

‘ಬನ್ರಪ್ಪಾ, ನೋಡಿ. ಇವರೇ ಪ್ರವಾಹ ತಂದ ಮಹಾನುಭಾವರು.’

ಮಾರ್ಚ್ 9

ಪ್ರವಾಹ, ಟೀ ಕುಡಿದ್ಯಾ. ಪ್ರವಾಹ, ಸ್ನಾನಕ್ಕೆ ನೀರು ಬಿಡ್ತೀಯಾ. ಊಟದ ಮನೆಯಲ್ಲಿ ಸಾರು ಬಡಿಸುವಾಗ ಅಡುಗೆಯವನು — ‘ಪ್ರವಾಹಕ್ಕೆ ಒಂದೇ ಸೌಟು, ತಟ್ಟೆಯಿಂದ ಉಕ್ಕೀತು.’

ನಾನೂ ನಕ್ಕೆ. ನಗದೆ ಇದ್ದರೆ ಇನ್ನೂ ನಗುತ್ತಾರೆ.

ಮಾರ್ಚ್ 12

ಇವತ್ತು ಇನ್ನೊಂದು ಸಲ ಮರ್ಯಾದೆ ಹೋಯಿತು. ನೋಡಿದವರು ಒಬ್ಬರೇ, ಪುಣ್ಯ.

ಕ್ಯಾಬಿನ್ ಅಕ್ಕ ಶೀಟು ತರಿಸಿಕೊಂಡಿದ್ದರು. ರಿಗ್ಗಿನಲ್ಲಿ ಅವರೊಬ್ಬರೇ ಹೆಂಗಸು. ಎಸಿ ಡಬ್ಬಿಯಂಥ ಕ್ಯಾಬಿನ್, ಗೋಡೆಯ ತುಂಬ ಪರದೆ, ಪರದೆಯ ತುಂಬ ಗೆರೆ. ಮೂರನೇ ಟ್ಯಾಂಕಿನಲ್ಲಿ ತೇಲುವ ಫ್ಲೋಟ್ ಒಂದಿದೆ, ಮಟ್ಟ ಏರಿದರೆ ಅದೂ ಏರುತ್ತದೆ, ಅಕ್ಕನ ಪರದೆಯಲ್ಲಿ ಗೆರೆ ಏರುತ್ತದೆ. ಎರಡು ಇಂಚಿಗೆ ಬಜರ್ ಬಡಿಯುತ್ತದೆ.

‘ಮತ್ತೆ ನಾನ್ಯಾಕೆ ಕೋಲು ಹಿಡಿಬೇಕು ಅಕ್ಕ?’
‘ಯಂತ್ರಕ್ಕೂ ಹುಷಾರಿಲ್ಲದ ದಿನ ಬರುತ್ತೆ.’

ಆಮೇಲೆ ಕೇಳಿದರು, ‘ಒಂದು ಪಾಯಿಂಟ್ ನಾಲ್ಕು ಹೆಚ್ಚೋ, ಒಂದು ಪಾಯಿಂಟ್ ಮೂವತ್ತೆರಡು ಹೆಚ್ಚೋ?’

ಇದೇನು ಪ್ರಶ್ನೆ ಅಂದುಕೊಂಡೆ. ನಾಲ್ಕಕ್ಕಿಂತ ಮೂವತ್ತೆರಡು ಹೆಚ್ಚು. ಹೇಳಿದೆ.

ಅಕ್ಕ ನಗಲಿಲ್ಲ. ಕುರ್ಚಿ ಎಳೆದು ಕೂರಿಸಿದರು. ಐದನೇ ಕ್ಲಾಸಿಗೆ ಬಿಟ್ಟವನು ನಾನು, ಪಾಯಿಂಟ್ ಆರನೆಯದರಲ್ಲಿ ಬರುತ್ತದಂತೆ. ‘ಪಾಯಿಂಟ್ ಆದ್ಮೇಲೆ ಮೂವತ್ತೆರಡು ಅಂತ ಇಲ್ಲ. ಒಂದೊಂದೇ ಅಂಕಿ ಹೇಳು. ಮೂರು, ಎರಡು. ಈಗ ನಾಲ್ಕು ದೊಡ್ಡದೋ, ಮೂರು ದೊಡ್ಡದೋ?’ ಅರ್ಧ ಗಂಟೆ ಹಿಡಿಯಿತು. ಯಾರಿಗೂ ಹೇಳಲಿಲ್ಲ ಅವರು. ಎರಡು ದಿನ ಕಾದು ನೋಡಿದೆ — ಯಾರೂ ಆ ವಿಷಯಕ್ಕೆ ನನ್ನನ್ನು ಆಡಿಕೊಳ್ಳಲಿಲ್ಲ.

(ಮೇಲಿನ ಸಾಲು 14ರಂದು ಸೇರಿಸಿದ್ದು.)

ಮಾರ್ಚ್ 19

ಸಂಜೆ. ರೂಮಿನಲ್ಲಿ ಒಬ್ಬನೇ.

ಕ್ಯಾಬಿನ್ನಿಗೆ ಹೋಗುವ ಮೊದಲು ತಲೆ ಬಾಚಿಕೊಳ್ಳುತ್ತೇನೆ. ಹೆಲ್ಮೆಟ್ ಹಾಕಿದರೆ ಎಲ್ಲ ಚಪ್ಪಟೆ, ಆದರೂ ಬಾಚುತ್ತೇನೆ. ಇವತ್ತು ಶೀಟು ಕೊಡುವಾಗ ಅಕ್ಕ ‘ಥ್ಯಾಂಕ್ಸ್ ತಮ್ಮ’ ಅಂದರು. ನನ್ನನ್ನು ತಮ್ಮ ಅಂದವರು ಯಾರೂ ಇಲ್ಲ. ಮನೆಯಲ್ಲಿ ನಾನೊಬ್ಬನೇ. ಹೊರಗೆ ಬಂದು ಟ್ಯಾಂಕಿನ ಹಿಂದೆ ನಿಂತು ಕಣ್ಣು ಒರೆಸಿಕೊಂಡೆ. ಕೈಯಲ್ಲಿ ಮಡ್ ಇತ್ತು. ಕಣ್ಣು ಈಗಲೂ ಉರಿಯುತ್ತಿದೆ. ಹುಚ್ಚು.

ಮಾರ್ಚ್ 20

10-00. 62. ತೂಕ 1.32. ಫ್ಲೋಟಿಗೆ ಮಡ್ ಕಟ್ಟಿಕೊಂಡಿದೆ ಅಂತ ಅಕ್ಕ ಬಿಚ್ಚಿಕೊಂಡು ಹೋದರು, ತೊಳೆಯಲು. ಅರ್ಧ ಗಂಟೆ.
10-15. 64.
10-16. 64. ಮತ್ತೆ ನೋಡಿದೆ.
10-20. 65. ಪಂಪ್ ಓಡುತ್ತಿದೆ. ಪಕ್ಕದ ಟ್ಯಾಂಕಿನ ವಾಲ್ವ್ ಮುಚ್ಚಿದೆ.
10-24. ಹೊರಗೆ ಬರುವ ಮಡ್ 1.27. ತಕ್ಕಡಿ ಸರಿ ಇಲ್ಲವೋ ಏನೋ. ತೊಳೆದು ನೀರು ತೂಗಿದೆ. 1.00. ಸರಿ ಇದೆ.
10-27. 67½
10-30. 69

ಮಧ್ಯಾಹ್ನ. ಶೀಟಿಗೆ ಇಳಿಸಿದೆ. 10-15, 62 ಅಂತ.

ಮಾರ್ಚ್ 23

ಮೂರು ದಿನ ಪುಸ್ತಕ ಮುಟ್ಟಲಿಲ್ಲ. ದಿಂಬಿನ ಕೆಳಗೆ ಇತ್ತು. ಮಲಗಿದರೆ ಕಿವಿಗೆ ಒತ್ತುತ್ತಿತ್ತು.

ಒಂದು ಸಲ ಆದರೂ ಆದದ್ದನ್ನು ಆದ ಹಾಗೆ ಬರೆಯಬೇಕು.

ಫ್ಲೋಟ್ ಬಿಚ್ಚುವಾಗ ಅಕ್ಕ ವಾಕಿಟಾಕಿಯಲ್ಲಿ ಎಲ್ಲರಿಗೂ ಹೇಳಿದರು. ಆಮೇಲೆ ನನ್ನ ಕಡೆ ತಿರುಗಿ ಹೇಳಿದರು, ‘ಬದಲಾದ್ರೆ ತಕ್ಷಣ ಕೂಗು. ಅರ್ಧ ಗಂಟೆ ನೀನೇ ನನ್ನ ಕಣ್ಣು.’ ಹೂಂ ಅಂದೆ.

ಹತ್ತು ಹದಿನೈದಕ್ಕೆ ಎರಡು ಇಂಚು ಏರಿತ್ತು. ಪಂಪ್ ನಿಂತಿರಲಿಲ್ಲ. ಈ ಸಲ ನನಗೆ ಗೊತ್ತಿತ್ತು — ಪಂಪ್ ಓಡುತ್ತಿರುವಾಗ ಏರಬಾರದು. ವಾಕಿಟಾಕಿ ಬಾಯಿಯ ಹತ್ತಿರ ತಂದೆ. ಅದರಲ್ಲಿ ಡ್ರಿಲ್ಲರಣ್ಣ ಯಾರಿಗೋ ಜೋಕು ಹೇಳುತ್ತಿದ್ದ, ಮೂರು ನಾಲ್ಕು ಜನ ನಗುತ್ತಿದ್ದರು. ನಗು ನಿಲ್ಲಲಿ ಅಂತ ಕಾದೆ. ನಿಂತಿತು. ನಾನು ಹೇಳಲಿಲ್ಲ.

ಯಾರೋ ಪಕ್ಕದ ಟ್ಯಾಂಕಿನಿಂದ ಬಿಟ್ಟಿರಬಹುದು ಅಂತ ವಾಲ್ವ್ ನೋಡಲು ಹೋದೆ. ಇಲ್ಲ. ಕೋಲು ಓರೆಯಾಗಿ ಇಳಿಸಿದೆನೋ ಅಂತ ಮತ್ತೆ ಅಳೆದೆ. ಇಲ್ಲ. ತೂಕ ಇಳಿದಿತ್ತು. ಅದನ್ನೂ ನಂಬಲಿಲ್ಲ, ತಕ್ಕಡಿ ತೊಳೆಯುತ್ತಾ ಕೂತೆ. ಬಾವಿ ಕಕ್ಕುತ್ತಿದೆ, ನಾನು ತಕ್ಕಡಿಯ ಬಟ್ಟಲು ತೊಳೆಯುತ್ತಿದ್ದೇನೆ! ನೀರು 1.00 ತೋರಿಸಿದಾಗ ಇನ್ನು ನೆಪ ಉಳಿಯಲಿಲ್ಲ. ಆಗಲೂ ಮೂರು ನಿಮಿಷ ನಿಂತಿದ್ದೆ. ಏನು ಮಾಡುತ್ತಿದ್ದೆ ಅಂದರೆ — ಕೂಗಿದರೆ ದನಿ ಹೇಗೆ ಕೇಳಬೇಕು ಅಂತ ಮನಸ್ಸಿನಲ್ಲೇ ಹೇಳಿಕೊಂಡು ನೋಡುತ್ತಿದ್ದೆ. ಗಾಬರಿ ಇರಬಾರದು. ‘ಓಡಿ’ ಅನ್ನಬಾರದು.

ಹತ್ತೂವರೆಗೆ ಗುಂಡಿ ಒತ್ತಿದೆ. ‘ಅಣ್ಣಾ… ಅಣ್ಣಾ…’ ಅಷ್ಟೇ ಬಂತು.

ಡ್ರಿಲ್ಲರಣ್ಣ ನನ್ನ ದನಿ ಕೇಳಿ ತಿರುಗಿ ಮಡ್ ಬರುವ ಕಡೆ ನೋಡಿದ. ಅಷ್ಟರಲ್ಲಿ ಮಡ್ ಸೋಸುವ ಜರಡಿಯ ಮೇಲೆ ಅದು ಹಾಲು ಉಕ್ಕಿದ ಹಾಗೆ ಉಕ್ಕುತ್ತಿತ್ತು. ಪಂಪ್ ನಿಲ್ಲಿಸಿ, ಬಾವಿಯ ಬಾಯಿ ಮುಚ್ಚಿದ. ಮುಚ್ಚುವ ಮೊದಲು ಒಂದು ಗುಕ್ಕು ಮೇಲೆ ಎದ್ದಿತು. ಜರಡಿಯ ಹತ್ತಿರ ಇದ್ದದ್ದು ಮೇಷ್ಟ್ರು. ಹಿಂದೆ ಸರಿಯಲು ಹೋಗಿ, ಜಾರಿ, ಕಬ್ಬಿಣದ ಮೆಟ್ಟಿಲ ಮೇಲೆ ಬಿದ್ದರು. ಬಲಗೈ ಮುರಿಯಿತು. ಬಿದ್ದಲ್ಲಿಂದಲೇ ಕೇಳಿದರು, ‘ಮಟ್ಟ ಎಷ್ಟೋ ಈಗ?’

ಹತ್ತು ಹದಿನೈದಕ್ಕೇ ಕೂಗಿದ್ದರೆ ಎರಡು ಇಂಚಿಗೆ ಮುಚ್ಚುತ್ತಿದ್ದರು. ಏನೂ ಆಗುತ್ತಿರಲಿಲ್ಲ.

ಮಧ್ಯಾಹ್ನ ಶೀಟು ಕೇಳಿದರು. ಹತ್ತು ಹದಿನೈದರ ಮನೆ ಖಾಲಿ ಇತ್ತು. ಸಾಹೇಬರ ಆಳು ಬಾಗಿಲಲ್ಲಿ ನಿಂತಿದ್ದ. 62 ಬರೆದೆ. ಹತ್ತೂವರೆಗೆ 69, ‘ತಿಳಿಸಲಾಗಿದೆ’. ಆವತ್ತು ಅಕ್ಷರ ಎಷ್ಟು ಚೆನ್ನಾಗಿ ಬಂತು. ಒಂದೂ ಅಳಿಸಲಿಲ್ಲ.

ಮಾರ್ಚ್ 24

ಬಾವಿ ಹತೋಟಿಗೆ ಬಂದಿದೆ. ಮಡ್ ಭಾರ ಮಾಡಿದ್ದಾರೆ. ಈಗ 1.41.

ಊಟದ ಮನೆಯಲ್ಲಿ ಡ್ರಿಲ್ಲರಣ್ಣ ಎದ್ದು ನಿಂತ. ‘ಕೇಳ್ರಪ್ಪಾ. ಇವನ ದನಿ ಕೇಳಿ ನಾನು ತಿರುಗಿದ್ದು. ಇನ್ಮೇಲೆ ಯಾರೂ ಇವನನ್ನ ಪ್ರವಾಹ ಅನ್ನಂಗಿಲ್ಲ. ಅಂದೋರ ಹಲ್ಲು ಉದುರಿಸ್ತೀನಿ.’ ಬೆನ್ನು ತಟ್ಟಿದ. ಅಡುಗೆಯವನು ಎರಡು ಸೌಟು ಸಾರು ಹಾಕಿದ.

ಅಮ್ಮನಿಗೆ ಇಲ್ಲಿಂದ ಯಾರೋ ಫೋನ್‌ನಲ್ಲಿ ಹೇಳಿದ್ದಾರೆ. ‘ಅಷ್ಟು ಜನರ ಜೀವ ಉಳಿಸಿದ್ಯಂತೆ ಕಣೋ! ಅಂಗಡಿಗೆ ಬಂದೋರಿಗೆಲ್ಲ ಹೇಳ್ತಿದೀನಿ.’ ಬೇಡಮ್ಮ ಅಂದೆ. ‘ನಿಂದು ಯಾವಾಗ್ಲೂ ನಾಚಿಕೆನೇ’ ಅಂದು ನಕ್ಕಳು.

ಪ್ರವಾಹ ಅಂತಲೇ ಕರೆಯಲಿ. ದಿನಕ್ಕೆ ನೂರು ಸಲ ಕರೆಯಲಿ.

ಮಾರ್ಚ್ 25

ವಿಚಾರಣೆ. ಹೊರಗಿನಿಂದ ಇಬ್ಬರು ಬಂದಿದ್ದಾರೆ, ಜೊತೆಗೆ ನಮ್ಮ ದೊಡ್ಡ ಸಾಹೇಬರು. ನನ್ನನ್ನು ನಾಲ್ಕು ನಿಮಿಷ ಕೇಳಿದರು. ಶೀಟು ನಿಮ್ಮದೇನಾ. ಹೌದು. ಅಕ್ಷರ ಚೆನ್ನಾಗಿದೆ. ಹೋಗಿ.

ಕ್ಯಾಬಿನ್ ಅಕ್ಕನನ್ನು ಎರಡು ಗಂಟೆ ಕೂರಿಸಿಕೊಂಡರು. ನನ್ನ ಶೀಟಿನ ಪ್ರಕಾರ ಹದಿನೈದು ನಿಮಿಷದೊಳಗೆ ಏಳು ಇಂಚು. ಕೋಲು ಹಿಡಿದವನಿಂದ ಏನೂ ಮಾಡಲಾಗುತ್ತಿರಲಿಲ್ಲ. ಫ್ಲೋಟ್ ಇದ್ದಿದ್ದರೆ ಎರಡು ಇಂಚಿಗೇ ಬಜರ್ ಬಡಿದುಕೊಳ್ಳುತ್ತಿತ್ತು. ಫ್ಲೋಟ್ ತೆಗೆಯಲು ಸಹಿ ಮಾಡಿದ ಕಾಗದ ಬೇಕು. ಅಕ್ಕ ಬಾಯಲ್ಲಿ ಹೇಳಿದ್ದರು ಅಷ್ಟೇ, ಎಲ್ಲರೂ ಹಾಗೇ ಮಾಡುತ್ತಾರೆ. ಎಲ್ಲರೂ ಹಾಗೇ ಮಾಡುತ್ತಾರೆ ಅಂತ ಒಬ್ಬರೂ ಹೇಳಲಿಲ್ಲ.

ಸಂಜೆ ಅಕ್ಕ ಟ್ಯಾಂಕಿನ ಹತ್ತಿರ ಬಂದರು. ಹೆಲ್ಮೆಟ್ ಕೈಯಲ್ಲಿ.

‘ಒಂದು ಮಾತು ಕೇಳ್ತೀನಿ ತಮ್ಮ, ಬೇಜಾರು ಮಾಡ್ಕೋಬೇಡ. ಹತ್ತು ಹದಿನೈದಕ್ಕೆ ನಿಜವಾಗ್ಲೂ ಅರವತ್ತೆರಡೇ ಇತ್ತಾ? ನನಗೆ ಲೆಕ್ಕ ಕೂಡ್ತಿಲ್ಲ. ಗ್ಯಾಸ್ ಮೊದಲು ಮೆಲ್ಲಗೆ ಶುರುವಾಗುತ್ತೆ. ಒಂದೇ ಸಲ ಏಳು ಇಂಚು ಅಂದ್ರೆ…’

‘ಅರವತ್ತೆರಡೇ ಅಕ್ಕ.’

ನನ್ನ ಮುಖ ನೋಡಿದರು. ನಾನು ಕೋಲಿನ ತುದಿ ನೋಡಿದೆ.

‘ಸರಿ ಬಿಡು. ಹಾಗಾದ್ರೆ ನನ್ನ ಲೆಕ್ಕವೇ ತಪ್ಪು. ನಿನ್ನ ಕೈಯಳತೆ ನಾನು ನೋಡಿದೀನಿ, ಅದು ತಪ್ಪಲ್ಲ.’

ಹೋಗುವಾಗ, ‘ಪಾಯಿಂಟ್ ಮರೀಬೇಡ. ಒಂದೊಂದೇ ಅಂಕಿ’ ಅಂದರು.

ಇದನ್ನು ಬರೆಯುವಾಗಲೂ ಪಕ್ಕದ ಮಂಚದವನು ನೋಡಬಾರದು ಅಂತ ಗೋಡೆಯ ಕಡೆ ತಿರುಗಿ ಕೂತಿದ್ದೇನೆ. ಇಷ್ಟು ಮಾಡಿದವನಿಗೆ ಇನ್ನೂ ನಾಚಿಕೆ ಉಳಿದಿದೆ.

ಮಾರ್ಚ್ 26

ಮೇಷ್ಟ್ರು ವಾಪಸ್ ಬಂದಿದ್ದಾರೆ. ಕೈಗೆ ಮೊಣಕೈವರೆಗೆ ಪ್ಲಾಸ್ಟರ್. ಡ್ರಿಲ್ಲರಣ್ಣ ಅದರ ಮೇಲೆ ‘ಇಲ್ಲಿ ಪೋಸ್ಟರ್ ಅಂಟಿಸಬಾರದು’ ಅಂತ ಬರೆದಿದ್ದಾನೆ. ಯಾರೂ ನಗಲಿಲ್ಲ. ಅಕ್ಕನನ್ನು ಕೆಲಸದಿಂದ ತೆಗೆದಿದ್ದಾರೆ, ನಾಳೆ ಹೋಗುತ್ತಾರೆ ಅಂತ ಎಲ್ಲರಿಗೂ ಗೊತ್ತು. ಇಲ್ಲಿಂದ ಮಾತ್ರ ಅಲ್ಲ. ಇನ್ನು ಯಾವ ರಿಗ್ಗಿನಲ್ಲೂ ಕ್ಯಾಬಿನ್ ಕೊಡುವುದಿಲ್ಲವಂತೆ.

ಮೇಷ್ಟ್ರು ನನ್ನನ್ನು ಮಡ್ ಚೀಲಗಳ ಹಿಂದೆ ಕರೆದರು.

‘ನಾನು ಕೊಟ್ಟ ಪುಸ್ತಕ ಎಲ್ಲಿ?’
‘ಕಳೆದುಹೋಯ್ತು ಸಾರ್.’

ಪುಸ್ತಕ ನನ್ನ ಮೇಲಂಗಿಯ ಜೇಬಿನಲ್ಲೇ ಇತ್ತು. ಒಂದು ಮೂಲೆ ಹೊರಗೆ ಕಾಣುತ್ತಿತ್ತು. ಮೇಷ್ಟ್ರು ಆ ಮೂಲೆಯನ್ನೇ ನೋಡುತ್ತಾ ಹೇಳಿದರು, ‘ಪಾಪ. ಸಿಕ್ಕಿದ್ರೆ ಹೇಳು.’

ಅಷ್ಟೇ. ಹೆದರಿಸಲಿಲ್ಲ, ಬುದ್ಧಿ ಹೇಳಲಿಲ್ಲ. ಎಡಗೈಯಲ್ಲಿ ಟೀ ಕುಡಿಯಲು ಹೋಗಿ ಅಂಗಿಯ ಮೇಲೆ ಚೆಲ್ಲಿಕೊಂಡರು. ಒರೆಸಲು ಹೋದೆ. ‘ಬಿಡು’ ಅಂದರು.

ಸಂಜೆ. 20ರ ಹಾಳೆಯನ್ನು ಹರಿದು ಸಾಹೇಬರ ಬಾಗಿಲ ಕೆಳಗೆ ತೂರಿಸಿಬಿಡೋಣ ಅಂದುಕೊಂಡೆ. ಹೆಸರು ಹಾಕದೆ. ಅಕ್ಷರ ನನ್ನದೇ ಅಂತ ಗೊತ್ತಾಗುತ್ತದೆ, ಆಗಲಿ. ಎದುರಿಗೆ ನಿಂತು ಹೇಳಬೇಕಾಗಿಲ್ಲ. ಹಾಳೆ ತಿರುಗಿಸಿ ನೋಡಿದೆ. ಹಿಂಬದಿಯಲ್ಲಿ 19. ತಲೆ ಬಾಚಿಕೊಂಡದ್ದು, ತಮ್ಮ ಅಂದದ್ದು, ಅತ್ತದ್ದು. ಹೊರಗಿನವರು ಇಬ್ಬರೂ ಓದುತ್ತಾರೆ. ಫೈಲಿಗೆ ಹೊಲಿಯುತ್ತಾರೆ.

19ನ್ನು ರಬ್ಬರಿನಿಂದ ಅಳಿಸಲು ಕೂತೆ. ಎರಡು ಸಾಲು ಅಳಿಸಿದೆ. ಹಾಳೆ ತೆಳುವಾಯಿತು. ಇನ್ನೊಂದಿಷ್ಟು ಉಜ್ಜಿದರೆ ತೂತು ಬಿದ್ದು, ಆ ಕಡೆಯ 64 ಹೋಗುತ್ತದೆ.

ನಿಲ್ಲಿಸಿದೆ. ಅಳಿಸಿದ ಎರಡು ಸಾಲನ್ನು ಮತ್ತೆ ಬರೆದೆ.

ಮಾರ್ಚ್ 27

10-45. 62. ತೂಕ 1.41. ಈಗ ಹೊಸ ನಿಯಮ. ಕಾಲು ಗಂಟೆಗೊಮ್ಮೆ ಡ್ರಿಲ್ಲರಣ್ಣ ವಾಕಿಟಾಕಿಯಲ್ಲಿ ಕೇಳುತ್ತಾನೆ — ‘ಟ್ಯಾಂಕ್, ಎಷ್ಟು?’ ನಾನು ಹೇಳಬೇಕು. ಎಲ್ಲರಿಗೂ ಕೇಳಿಸುತ್ತದೆ.

11-00. 62. ಸಾಹೇಬರ ಕೋಣೆಗೆ ಹೋದೆ. ಪುಸ್ತಕ ಕೈಯಲ್ಲಿ. ಬಾಗಿಲು ಹಾಕಿತ್ತು. ಒಳಗೆ ನಗುತ್ತಾ ಮಾತಾಡುತ್ತಿದ್ದರು. ಬಾಗಿಲು ಬಡಿಯಲು ಕೈ ಎತ್ತಿದೆ. ಇಳಿಸಿದೆ. ಟ್ಯಾಂಕ್ ಬಿಟ್ಟು ಬಂದಿದ್ದೇನೆ, ರೀಡಿಂಗ್ ಹೊತ್ತಾಗುತ್ತದೆ ಅಂತ ವಾಪಸ್ ಬಂದೆ. ಮತ್ತೆ ತಕ್ಕಡಿ ತೊಳೆದ ಹಾಗೇ ಆಯಿತು.

11-15. 62.

11-30. 62. ತೂಕ 1.41. ಅಕ್ಕ ಎರಡು ಚೀಲ ಹಿಡಿದು ಕ್ಯಾಬಿನ್ನಿಂದ ಇಳಿದರು. ವ್ಯಾನ್ ನಿಂತಿದೆ. ಹೊರಗಿನವರಿಬ್ಬರೂ ಅದೇ ವ್ಯಾನಿನಲ್ಲಿ. ದೊಡ್ಡ ಸಾಹೇಬರು ಬಿಡಲು ಬಂದಿದ್ದಾರೆ. ಮೇಷ್ಟ್ರು ಎಡಗೈಯಲ್ಲಿ ಒಂದು ಚೀಲ ಎತ್ತಿ ಒಳಗೆ ಇಟ್ಟರು. ಅಕ್ಕ ನನ್ನ ಕಡೆ ಕೈ ಬೀಸಿದರು. ನಾನೂ ಬೀಸಿದೆ. ಕೋಲು ಹಿಡಿದಿದ್ದ ಕೈ, ಮಡ್ ಹಾರಿ ಮುಖಕ್ಕೆ ಬಿತ್ತು. ಅಕ್ಕ ನಕ್ಕರು.

11-40. ವ್ಯಾನ್ ಹೊರಟಿದೆ. ಗೇಟಿನವರೆಗೆ ಮಣ್ಣಿನ ದಾರಿ, ಮೆಲ್ಲಗೆ ಹೋಗುತ್ತದೆ. ಆದರೂ ಇಲ್ಲಿಂದ ಓಡಿದರೆ ಸಿಗುವುದಿಲ್ಲ. ಡ್ರೈವರ್ ಹತ್ತಿರ ವಾಕಿಟಾಕಿ ಇದೆ. ಗೇಟಿನವನ ಹತ್ತಿರ ಇದೆ. ಸಾಹೇಬರ ಹತ್ತಿರ, ಅಡುಗೆಯವನ ಹತ್ತಿರ, ಎಲ್ಲರ ಹತ್ತಿರ ಇದೆ.

ಬಾಯಿಗೆ ಬರುವುದಿಲ್ಲ. ಬರೆದದ್ದನ್ನು ಓದಬಲ್ಲೆ. ಅಷ್ಟು ಓದಿದ್ದೇನೆ. ದೊಡ್ಡ ಅಕ್ಷರದಲ್ಲಿ ಬರೆದುಕೊಳ್ಳುತ್ತೇನೆ —

ವ್ಯಾನ್ ನಿಲ್ಲಿಸಿ.
20ನೇ ತಾರೀಖು ಹತ್ತು ಹದಿನೈದಕ್ಕೆ ಮಟ್ಟ 64 ಇತ್ತು.
ನಾನು ನೋಡಿದೆ. ಕೂಗಲಿಲ್ಲ. ನಗುತ್ತೀರಿ ಅಂತ ಕೂಗಲಿಲ್ಲ.
ಶೀಟಿನಲ್ಲಿ 62 ಅಂತ ಸುಳ್ಳು ಬರೆದೆ.
ಕ್ಯಾಬಿನ್ ಅಕ್ಕ ನನ್ನನ್ನು ನಂಬಿದ್ದರು. ಅವರ ಲೆಕ್ಕ ಸರಿ ಇದೆ.
ನಿಜವಾದ ರೀಡಿಂಗ್ ಇರುವ ಪುಸ್ತಕ ನನ್ನ ಹತ್ತಿರ ಇದೆ. ಕೊಡುತ್ತೇನೆ. ಎರಡೂ ಬದಿ.

11-45. 62. ವ್ಯಾನ್ ಗೇಟಿನ ಹತ್ತಿರ. ಡ್ರಿಲ್ಲರಣ್ಣ ಕರೆಯುತ್ತಿದ್ದಾನೆ. ‘ಟ್ಯಾಂಕ್, ಎಷ್ಟು? … ಟ್ಯಾಂಕ್?’ ಎಡಗೈಯಲ್ಲಿ ಪುಸ್ತಕ, ಬಲಗೈಯಲ್ಲಿ ಪೆನ್ಸಿಲ್. ಗುಂಡಿ ಒತ್ತಲು ಪೆನ್ಸಿಲ್ ಕೆಳಗಿಡು—